ಖುಷಿಯಿಂದ ಕೊಟ್ಟಳು ಎಂದ ಅಣವೀರಪ್ಪ

ನಿಜಾಮರ ರಾಜ್ಯದಲ್ಲಿ ಸರಕಾರಿ ಅತಿಥಿ ಊರಿಗೆ ಬಂದರೆ ಅವನ ಸಾಮಾನು ಹೊತ್ತವರಿಗೆ, ಕಟ್ಟಿಗೆ ತಂದವರಿಗೆ, ಕೋಳಿ ಕಳೆದುಕೊಂಡವರಿಗೆ ಬಿಡಿಗಾಸೂ ಸಿಗುತ್ತಿರಲಿಲ್ಲ. ಅದಕ್ಕೆ ಬಿಟ್ಟಿ ಎನ್ನುತ್ತಿದ್ದರು. ನಿಮಗಿದು ಗೊತ್ತಿರಬೇಕು. ಗೊತ್ತಿಲ್ಲವೆಂದರೆ ನಿಮ್ಮ ಅಜ್ಜ ಹೊರಿಸಿದವರ ಪೈಕಿ, ಹೊತ್ತವರ ಪೈಕಿ ಅಲ್ಲ.

ಶಹಾಬಜಾರದ ಅಣವೀರಪ್ಪನಿಗೆ ಗೊತ್ತಿತ್ತು. ಕಿರಾಣಿ ಅಂಗಡಿಯವರ ಮಗ. ಅಪ್ಪನೊಡನೆ ಜಗಳಾಡಿ ಮಂಗಳೂರಿಗೆ ಹೋಗಿ, ಜರ್ಮನ್ ಪಾದ್ರಿಗಳ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತ ಅವರ ಭಾಷೆ ಕಲಿತ. ಮುದಿ ಪಾದ್ರಿಯೊಬ್ಬ ಪೆನ್ಸಿಲು ಹಿಡಿದು ಹೇಳಿಕೊಡುತ್ತಿದ್ದ: ಸುಮ್ಮನೆ ಕೊಟ್ಟರೆ ಗೇಬೆನ್. ಮನಸಾರೆ ಉಡುಗೊರೆಯಾಗಿ ಕೊಟ್ಟರೆ ಶೆಂಕೆನ್. ಇಟ್ಟುಕೊಳ್ಳಬೇಕೆಂದಿದ್ದನ್ನು ಬಿಟ್ಟುಕೊಟ್ಟರೆ ಹೆರ್‌ಗೇಬೆನ್. ಬೇರೆಯವರೆಲ್ಲ ಎಡವುವ ಈ ಮೂರರಲ್ಲಿ ಅಣವೀರಪ್ಪ ಎಡವುತ್ತಿರಲಿಲ್ಲ. ಇದನ್ನು ಮರೆಯಬೇಡಿ. ಅವನಿಗೆ ಗೊತ್ತಿರಲಿಲ್ಲ ಎಂದು ಆಮೇಲೆ ಕನಿಕರ ತೋರಿಸುವಂತಿಲ್ಲ.

ಊರಿಗೆ ಮರಳಿ ಅಂಗಡಿಯಲ್ಲಿ ಕೂತವನಿಗೆ ೧೯೧೧ರ ಚಳಿಗಾಲದಲ್ಲಿ ಸರಕಾರಿ ಕಚೇರಿಯಿಂದ ಕರೆ ಬಂತು. ಊರ ಕೋಟೆಯೊಳಗಿನ ಮಸೀದಿ ನೋಡಲು ಜರ್ಮನ್ ಪಂಡಿತನೊಬ್ಬ ಬಂದಿದ್ದಾನೆ, ಬೀದರಿನವರೆಗೆ ದುಭಾಷಿಯಾಗಿ ಹೋಗಬೇಕು, ಕೆಲಸ ಚಂದ ಆದರೆ ಕಾಯಂ ನೌಕರಿ.

ದಾರಿಯಲ್ಲಿ ಕಮಲಾಪುರದಲ್ಲಿ ಡೇರೆ ಬಿತ್ತು. ಪಾಟೀಲನ ಅಪ್ಪಣೆಯಂತೆ ಕೇರಿಯ ದುಂಡಮ್ಮ ಕೆಂಪು ಬಾಳೆಯ ಗೊನೆ ಹೊತ್ತು ಬಂದಳು. ಅವಳ ಗುಡಿಸಲ ಹಿಂದೆ ಬೆಳೆದ ಗೊನೆ. ಕಡಿದವನು ತಳವಾರ, ಹೊರುವ ಕೆಲಸ ಮಾತ್ರ ಅವಳದು.

“ಯಪ್ಪಾ, ಮಗಳ ಕುಬಸಕ್ಕಂತ ಇಟ್ಟಿದ್ದೆರಿ,” ಎಂದಳು ಅಣವೀರಪ್ಪನಿಗೆ. “ಚೊಚ್ಚಲ ಬಸಿರು. ಉಡಿ ತುಂಬಾಕ ಬೇರೆ ಏನೂ ಇಲ್ರಿ. ಸಾಹೇಬಗ ಒಂದ್ ಮಾತ್ ಹೇಳ್ರಿ, ಅರ್ಧಾನರ ಬಿಡ್ಲಿ.”

ಪಾಟೀಲ ನಕ್ಕ. “ಏ ದುಂಡಿ, ನಿನ್ನ ಮಗಳು ಹಡಿಯೂ ತನಕ ಸಾಹೇಬ ಉಪಾಸ ಕುಂದರಬೇಕೇನು? ಅಣವೀರಪ್ಪಾರ, ಚಂದಾಗಿ ಹೇಳ್ರಿ. ನಿಮ್ಮ ನೌಕರಿ ಮಾತೂ ನಮ್ಮ ಕಿವಿಗಿ ಬಿದ್ದದ.”

ಪಂಡಿತ ಡೇರೆಯಿಂದ ಹೊರಗೆ ಬಂದು ನೇರವಾಗಿಯೇ ಕೇಳಿದ: ಈಕೆ ತಾನಾಗಿ ತಂದಳೋ, ತರಿಸಿದರೋ? ಉಡುಗೊರೆಯಾದರೆ ತೆಗೆದುಕೊಳ್ಳುತ್ತೇನೆ. ಇಲ್ಲವಾದರೆ ಮುಟ್ಟುವುದಿಲ್ಲ.

ಇದಕ್ಕಿಂತ ಸುಲಭದ ಪ್ರಶ್ನೆಯನ್ನು ಆ ಮುದಿ ಪಾದ್ರಿಯೂ ಕೇಳಿರಲಿಲ್ಲ. ಅಣವೀರಪ್ಪ ಪಾಟೀಲನ ಮುಖ ನೋಡಿದ. ಶೆಂಕೆನ್ ಎಂದ.

ಪಂಡಿತ ಟೋಪಿ ತೆಗೆದು ದುಂಡಮ್ಮನ ಮುಂದೆ ತಲೆ ಬಾಗಿಸಿದ. ಅವಳ ಮುಖ ಅರಳಿತು. “ವಾಪಸ್ ಒಯ್ಯಿ ಅಂದ್ನೇನ್ರಿ?”

“ಇಲ್ಲ. ನೀ ಖುಷಿಲೆ ಕೊಟ್ಟೀ ಅಂತ ಹೇಳೀನಿ.”

“ನನ್ನ ಖುಷಿ ನಿಮಗ ಯಾರ್ ಹೇಳ್ಯಾರ್ರಿ?” ಗೊನೆ ಇಳಿಸಿ, ತಲೆಯ ಸಿಂಬಿ ಬಿಚ್ಚಿ ಕೊಡವಿದಳು. “ಆತ್ ಬಿಡ್ರಿ. ಮಗಳ ಉಡ್ಯಾಗ ಆ ಮಾತೇ ಹಾಕ್ತೀನಿ.”

ನೌಕರಿ ಸಿಕ್ಕಿತು. ಅಂಗಡಿಯ ಅಣವೀರಪ್ಪ ಮುನಶಿ ಅಣವೀರಪ್ಪನಾದ. ವರುಷಗಳು ಕಳೆದು ಅವನ ಮಗಳಿಗೂ ಚೊಚ್ಚಲ ಬಸಿರಾಯಿತು. ಕುಬಸದ ದಿನ ಬೀಗರು ತಂದದ್ದು ಕಮಲಾಪುರದ ಕೆಂಪು ಬಾಳೆಹಣ್ಣು. ಮುತ್ತೈದೆಯರು ಉಡಿ ತುಂಬುತ್ತಿದ್ದಂತೆ ಅವನು ಎದ್ದು ಹಿತ್ತಲಿಗೆ ನಡೆದ.

“ಮಗಳ ಉಡಿ ತುಂಬೂ ಹೊತ್ತಿನ್ಯಾಗ ಎಲ್ಲಿ ಹೊಂಟ್ರಿ?” ಹೆಂಡತಿ ಚಂದಮ್ಮ ಬೆನ್ನು ಹತ್ತಿ ಬಂದಳು. ಅವಳಿಗೆ ಎಲ್ಲ ಹೇಳಿದ. ಚಂದಮ್ಮ ಸಮಾಧಾನ ಮಾಡಲಿಲ್ಲ. “ನನ್ನ ಮುಂದ ಹೇಳಿದ್ರ ಏನ್ ಬಂತು? ಆಕಿ ಮುಂದ ಹೋಗಿ ಹೇಳ್ರಿ.”

ಹೋದ. ಬಂಡಿಯಲ್ಲಿ ಒಂದು ಗೊನೆಯನ್ನೂ ಹಾಕಿಕೊಂಡಿದ್ದ. ಆದರೆ ಕಮಲಾಪುರದ ಚಾವಡಿಯಲ್ಲಿ ಅದೇ ಪಾಟೀಲ ಕೂತಿದ್ದ. “ಬರ್ರಿ ಮುನಶಿ ಸಾಹೇಬ್ರ! ಗೊನಿ ಯಾರಿಗ್ರಿ?” ಕೇರಿಯ ದಾರಿ ಅಲ್ಲಿಂದಲೇ ಕಾಣುತ್ತಿತ್ತು. ಅಣವೀರಪ್ಪ ತಲೆ ತಗ್ಗಿಸಿದ. “ನಿಮಗೇರಿ,” ಎಂದ. ಪಾಟೀಲನ ಮನೆಯಲ್ಲಿ ಉಂಡು ವಾಪಸಾದ. ಸಾಯುವ ತನಕ ಆ ಊರಿನ ಕಡೆ ಮುಖ ಹಾಕಲಿಲ್ಲ. ಗಂಡ ಸತ್ತ ಮೇಲೆ ಇದನ್ನು ಓಣಿಗೆಲ್ಲ ಹೇಳಿದವಳು ಚಂದಮ್ಮನೇ.

ಆದರೂ ಇಂದಿಗೂ ನಮ್ಮ ಸಭೆಗಳಲ್ಲಿ, ಅಣವೀರಪ್ಪನ ಆ ಸುಳ್ಳನ್ನೇ ಹಿಡಿದು, ಕಮಲಾಪುರದ ಬಡವಿಯೊಬ್ಬಳು ಪರದೇಶಿ ಪಂಡಿತನಿಗೆ ಪ್ರೀತಿಯಿಂದ ಹಣ್ಣು ಕೊಟ್ಟಳೆಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ನೀವೂ ತಟ್ಟಿದ್ದೀರಿ. ಮುಂದಿನ ಸಲ ತಟ್ಟಬೇಡಿ. ಎದ್ದು ನಿಂತು ಕೇಳಿ: ದುಂಡಮ್ಮ ಕೊಟ್ಟಳೋ, ನಾವು ಕಸಿದುಕೊಂಡೆವೋ? ಉತ್ತರ ಬರುವ ತನಕ ಕೂರಬೇಡಿ.