ಊರಿನ ಕೋಟುಗಳೆಲ್ಲ ಸಡಿಲವಾದ ವರ್ಷ

ಮಧ್ಯಾಹ್ನದ ಊಟ ಮುಗಿದು, ಹೊಲಿಗೆ ಮೆಷಿನ್‌ಗಳು ಒಂದೊಂದಾಗಿ ಮತ್ತೆ ಸದ್ದು ಶುರುಮಾಡುವ ಹೊತ್ತಿಗೆ ಕಟಿಂಗ್ ಮಾಸ್ಟರ್ ಕೊರಳಿಗೆ ಟೇಪು ಇಳಿಬಿಟ್ಟುಕೊಂಡು, "ಗೊಂಬೆ, ಬಾರಮ್ಮ" ಎಂದು ಕೂಗುತ್ತಿದ್ದರು. ಗುಂಡಿ ಹಚ್ಚುತ್ತ ಕೂತ ಅವಳು ಸೂಜಿಯನ್ನು ಬಟ್ಟೆಗೇ ಸಿಕ್ಕಿಸಿ, ಚಪ್ಪಲಿ ಕಳಚಿ, ಕಿಟಕಿಯ ಪಕ್ಕದ ಮರದ ಸ್ಟೂಲ್ ಹತ್ತಿ ನಿಲ್ಲುತ್ತಿದ್ದಳು.

ಅದು ಹೆಂಗಸರ ಕೋಟು ಹೊಲಿಯುವ ಕಾರ್ಖಾನೆ. ಕಾರ್ಖಾನೆ ಎಂದರೆ ಹಳೆಯ ಕಟ್ಟಡವೊಂದರ ಮೇಲಿನ ಮಹಡಿ, ಅಷ್ಟೇ. ಅಲ್ಲಿಂದ ಹೊರಟ ಕೋಟುಗಳು ಊರಿನ ಅಂಗಡಿಗಳಲ್ಲಿ ದೊಡ್ಡದು, ಮಧ್ಯಮ, ಸಣ್ಣದು ಎಂದು ಚೀಟಿ ಅಂಟಿಸಿಕೊಂಡು ತೂಗುತ್ತಿದ್ದವು. ಆ ಮಧ್ಯಮವೆಂದರೆ ಅವಳೇ. ಮದುವೆಗೆ ಮುಂಚಿನಿಂದಲೂ ಅವಳ ಮೈಯೇ ಅಲ್ಲಿನ ಮಧ್ಯಮದ ಅಳತೆ. ಹೊಸ ಬಟ್ಟೆ ಬಂದಾಗಲೆಲ್ಲ ಮಾಸ್ಟರ್ ಮೊದಲ ಕೋಟನ್ನು ಕಚ್ಚಾ ಹೊಲಿಗೆ ಹಾಕಿ ಅವಳಿಗೆ ತೊಡಿಸಿ, ಗುಂಡುಪಿನ್ನು ಚುಚ್ಚಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆಮೇಲೆ ರಟ್ಟಿನ ಮೇಲೆ ಹೊಸದಾಗಿ ನಮೂನೆ ಬರೆದುಕೊಳ್ಳುತ್ತಿದ್ದರು. ಹಳೆಯ ರಟ್ಟನ್ನೇ ಇಟ್ಟುಕೊಂಡರಾಗದೇ ಎಂದು ಯಾರಾದರೂ ಕೇಳಿದರೆ, "ರಟ್ಟು ಉಸಿರಾಡುತ್ತೇನಯ್ಯಾ?" ಎಂದು ಗದರುತ್ತಿದ್ದರು.

ಇನ್ನೊಂದು ಪದ್ಧತಿಯೂ ಅವರಿಗಿತ್ತು. ಅಳೆಯುತ್ತಿದ್ದಾರೆಂದು ಗೊತ್ತಾದರೆ ಯಾರೇ ಆಗಲಿ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಭುಜ ಸೆಟೆಸುತ್ತಾರೆ. ಹಾಗೆ ಅಳೆದ ಕೋಟು ಉಸಿರು ಬಿಟ್ಟ ತಕ್ಷಣ ಬಿಗಿಯುತ್ತದೆ. ಆದ್ದರಿಂದ ಅವಳು ಮೈಮರೆಯುವ ತನಕ ಮಾಸ್ಟರ್ ಪಿನ್ನು ಮುಟ್ಟುತ್ತಿರಲಿಲ್ಲ. "ಹೊರಗೆ ನೋಡ್ತಿರಮ್ಮ" ಎಂದು ಹೇಳಿ, ತಾವು ಸೀಮೆಸುಣ್ಣದ ತುದಿ ಚೂಪು ಮಾಡುತ್ತಲೋ ಕನ್ನಡಕ ಒರೆಸುತ್ತಲೋ ಕಾಯುತ್ತಿದ್ದರು.

ಹೊರಗೆ ಎದುರು ಮನೆಗಳ ತಾರಸಿಗಳು. ಒಣಹಾಕಿದ ಹಾಸಿಗೆ ಹೊದಿಕೆಗಳು. ನೀರಿನ ಟ್ಯಾಂಕಿನ ಮೇಲೊಂದು ಬೂದುಬಣ್ಣದ ಬೆಕ್ಕು. ಸ್ವಲ್ಪ ಹೊತ್ತು ಎಲ್ಲವೂ ಇದ್ದಂತೆಯೇ ಇರುತ್ತಿದ್ದವು. ಆಮೇಲೆ ಹೊದಿಕೆಗಳು ಗಾಳಿ ತುಂಬಿಕೊಂಡು ಹಾಯಿಗಳಾಗುತ್ತಿದ್ದವು. ಬೆನ್ನ ಹಿಂದಿನ ಮೆಷಿನ್ ಸದ್ದು ಸಮುದ್ರದ ಮೊರೆತವಾಗುತ್ತಿತ್ತು. ತಾರಸಿಗಳೆಲ್ಲ ಹಗ್ಗ ಬಿಚ್ಚಿಕೊಂಡು ಮೆಲ್ಲಗೆ ತೇಲಿ ಹೊರಟಂತೆ, ಎಲ್ಲಕ್ಕೂ ಮುಂದೆ ತಾನು ನಿಂತಂತೆ, ಬೆಕ್ಕು ದಾರಿ ತೋರಿಸುತ್ತಿರುವಂತೆ. ಸೊಂಟದ ಹತ್ತಿರ ಪಿನ್ನಿನ ತಣ್ಣನೆಯ ತುದಿ ತಾಗಿದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ.

ಮಿಕ್ಕ ಹೊತ್ತಿನಲ್ಲಿ ಅವಳಿಗೆ ಇಂಥ ನೆಮ್ಮದಿ ಎಲ್ಲಿಂದ ಬರಬೇಕು? ಮನೆಯಲ್ಲಿ ಇನ್ನೂ ಸರಿಯಾಗಿ ಮಾತು ಬಾರದ ಮಗಳು. ಆ ಮಗು ಕೆಮ್ಮಿದರೆ ಯಾಕೆ ಕೆಮ್ಮಿತು, ಕೆಮ್ಮದಿದ್ದರೆ ಯಾಕಿಷ್ಟು ಸುಮ್ಮನಿದೆ. ಪಕ್ಕದ ಮನೆಯ ಮಗು ಆಗಲೇ ಮೆಟ್ಟಿಲು ಇಳಿಯುತ್ತದಲ್ಲ, ಇದಕ್ಕೇನಾಗಿದೆ? ತನ್ನ ಬಟ್ಟೆಗೆ ಅಂಟಿಕೊಂಡು ಬಂದ ಗುಂಡಿಯೊಂದು ನೆಲಕ್ಕೆ ಬಿದ್ದು ಮಗು ನುಂಗಿಬಿಟ್ಟರೆ? ಬಾಗಿಲಲ್ಲೇ ನಿಂತು ಮೈಯೆಲ್ಲ ಕೊಡವಿಕೊಂಡು ಒಳಗೆ ಬರುತ್ತಿದ್ದ ಅವಳನ್ನು ನೋಡಿ ಗಂಡ, "ದಿನಾ ಏನು ಇರುವೆ ಕಚ್ಚಿಸ್ಕೊಂಡು ಬರ್ತೀಯಾ?" ಎಂದು ನಗುತ್ತಿದ್ದ.

ಹೀಗಿರುವಾಗ ಒಂದು ದಿನ ಕಾರ್ಖಾನೆಯ ಯಜಮಾನ್ತಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದವಳೇ ಕಟಿಂಗ್ ಮೇಜಿನ ಮೇಲೆ ಕೋಟುಗಳ ಗಂಟೊಂದನ್ನು ಧೊಪ್ಪನೆ ಎಸೆದಳು. "ಅಂಗಡಿಯವರು ವಾಪಸ್ ಕಳಿಸಿದ್ದಾರೆ. ಮಾಸ್ಟ್ರೇ, ಇದು ಮೀಡಿಯಮ್ಮಾ? ಇದರೊಳಗೆ ಇಬ್ಬರು ಸಂಸಾರ ಹೂಡಬಹುದು!"

ಮಾಸ್ಟರ್ ಗೋಡೆಯ ಮೊಳೆಗೆ ತಾವೇ ತೂಗುಹಾಕಿದ್ದ, ಬಹಳ ಹಿಂದೆ ಅವಳ ಮೈಮೇಲೆ ಮೊದಲು ಕತ್ತರಿಸಿದ ಕಂದು ಕೋಟನ್ನು ಇಳಿಸಿ ಧೂಳು ಕೊಡವಿ, ವಾಪಸ್ ಬಂದ ಕೋಟಿನ ಮೇಲೆ ಹಾಸಿದರು. ಅಪ್ಪನ ಎದೆಯ ಮೇಲೆ ಮಲಗಿದ ಕೂಸಿನಂತೆ ಕಂಡಿತು ಅದು.

ಆದದ್ದು ಇಷ್ಟು. ಬಾಣಂತನ ಮುಗಿಸಿ ಅವಳು ಕೆಲಸಕ್ಕೆ ಬಂದ ಮೇಲೆ ಕೋಟು ಸೊಂಟದ ಹತ್ತಿರ ಹಿಡಿಯತೊಡಗಿತ್ತು. ಇಸ್ತ್ರಿಗೆ ಬಟ್ಟೆ ಕುಗ್ಗಿರಬೇಕೆಂದುಕೊಂಡು ಮಾಸ್ಟರ್ ಒಂದು ಬೆರಳಗಲ ಸಡಿಲ ಬಿಟ್ಟರು. ಮುಂದಿನ ಸಲವೂ ಹಿಡಿಯಿತು. ಮತ್ತೊಂದು ಬೆರಳು. ಆಮೇಲೆ ತಮ್ಮ ಕಣ್ಣೇ ಮಂಜಾಗಿದೆಯೆಂದು ಅನುಮಾನ ಬಂದು ಕನ್ನಡಕ ಬದಲಾಯಿಸಿದರು, ಆದರೂ ಸಡಿಲ ಬಿಟ್ಟರು. ಅವಳ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಗಡಿಯಾರವನ್ನು ನಂಬುವವರು ಹೊತ್ತನ್ನೇ ಅನುಮಾನಿಸುವಂತೆ, ಅವರು ಬಟ್ಟೆಯನ್ನು, ಇಸ್ತ್ರಿಯನ್ನು, ತಮ್ಮನ್ನೇ ಅನುಮಾನಿಸಿದರು.

ಮೂಲೆಯಲ್ಲಿ ಗುಂಡಿ ತೂತುಗಳಿಗೆ ಕಾಜಾ ಹೊಲಿಯುತ್ತಿದ್ದ ಅಕ್ಕ ತಡೆಯಲಾರದೆ ಕಿಸಕ್ಕೆಂದಳು. "ಅಯ್ಯೋ ಮಾಸ್ಟ್ರೇ, ನಮ್ಮ ಗೊಂಬೆ ಒಬ್ಬಳು ದಪ್ಪ ಆದ್ಲು ಅಂತ ಊರಿನ ಹೆಂಗಸರಿಗೆಲ್ಲ ಡೇರೆ ಹೊಲಿದು ಹಾಕಿದ್ವಲ್ಲ!"

ಯಜಮಾನ್ತಿಗೆ ನಗು ಬರಲಿಲ್ಲ. "ಪೇಟೆಯಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲೋ ಬಟ್ಟೆ ಗೊಂಬೆ ಸಿಗುತ್ತೆ. ಅದನ್ನ ತರಿಸೋಣ. ಅದು ಏನೂ ತಿನ್ನಲ್ಲ."

"ಚಳಿಗಾಲದ ಕೋಟಿಗೆ ಇನ್ನೂ ಸಮಯ ಇದೆ ಮೇಡಂ," ಎಂದರು ಮಾಸ್ಟರ್ ಮೆಲ್ಲಗೆ. "ಅಲ್ಲೀವರೆಗೆ ಬಿಡಿ."

"ಸರಿ. ಆ ಬಟ್ಟೆ ಬಂದ ದಿನ ನಾನೇ ಬರ್ತೀನಿ. ಈ ಹಳೇ ಕೋಟಿನ ಗುಂಡಿ ಇವಳಿಗೆ ಹಾಕೋಕೆ ಆಗಬೇಕು. ಇಲ್ಲಾಂದ್ರೆ ನನ್ನನ್ನ ಬೈಬೇಡಿ."

ಗುಂಡಿ ಹಚ್ಚುವ ಕೆಲಸಕ್ಕೇನೂ ಕುತ್ತಿರಲಿಲ್ಲ. ಹೋಗುವುದಿದ್ದರೆ ಸ್ಟೂಲ್ ಒಂದೇ. ಒಂದು ಸ್ಟೂಲಿಗಾಗಿ ಯಾರಾದರೂ ಕಣ್ಣಲ್ಲಿ ನೀರು ಹಾಕುತ್ತಾರೆಯೇ? ಅವಳು ಮುಖ ತೊಳೆಯುವ ನೆವದಲ್ಲಿ ನಲ್ಲಿಯ ಹತ್ತಿರ ಹೋಗಿ ಹಾಕಿ ಬಂದಳು. ಆ ಕಿಟಕಿ, ಆ ತೇಲುವ ತಾರಸಿಗಳು, ಯಾರೂ ಏನೂ ಕೇಳದ ಆ ಒಂದಿಷ್ಟು ಹೊತ್ತು. ಅದೂ ಇಲ್ಲದಿದ್ದರೆ ದಿನವೆಲ್ಲ ಬರೀ ದಿಗಿಲೇ.

"ಆದ್ರೆ ಅಕ್ಕಾ, ನಾನು ತಿನ್ನೋದೇ ಅಷ್ಟಕ್ಕಷ್ಟೆ. ಊಟಕ್ಕೆ ಕೂತರೆ ಎರಡು ತುತ್ತಿಗೇ ಸಾಕಾಗುತ್ತೆ. ನಾನೇನು ತಿಂತೀನಿ ಹೇಳಿ?"

"ಈಗ ಬಾಯಲ್ಲಿ ಏನಿದೆಯೇ?" ಎಂದಳು ಕಾಜಾ ಅಕ್ಕ.

ಅವಳು ಅಗಿಯುವುದನ್ನು ನಿಲ್ಲಿಸಿದಳು. ಬಾಯಲ್ಲಿ ಅಕ್ಕನದೇ ಪೊಟ್ಟಣದ ಹುರಿದ ಕಡಲೆಬೀಜವಿತ್ತು. ಯಾವಾಗ ಕೈ ಹಾಕಿದ್ದಳೋ ದೇವರಿಗೇ ಗೊತ್ತು.

ಅಂದಿನಿಂದ ಅವಳು ತನ್ನ ಕೈಯ ಮೇಲೇ ಕಣ್ಣಿಟ್ಟಳು. ಕಳ್ಳನನ್ನು ಹಿಂಬಾಲಿಸಿದ ಹಾಗೆ. ಕೈ ಎಲ್ಲೆಲ್ಲಿ ಹೋಗುತ್ತದೆಂದು ನೋಡಿದರೆ ಅವಳಿಗೇ ನಾಚಿಕೆಯಾಯಿತು. ಮಗು ಕಚ್ಚಿ ಬಿಟ್ಟ ಬಿಸ್ಕತ್ತು, ಬ್ರೆಡ್ಡಿನ ಅಂಚು, ಬಾಳೆಹಣ್ಣಿನ ಕೊನೆಯ ಅರ್ಧ, ಲೋಟದ ತಳದಲ್ಲಿ ಆರಿದ ಸಿಹಿಹಾಲು. ಎಲ್ಲ ನಿಂತುಕೊಂಡೇ, ಅಡುಗೆಮನೆಯ ಬಾಗಿಲಿಗೆ ಬೆನ್ನು ಮಾಡಿ. ರುಚಿಗಲ್ಲ, ಹಸಿವಿಗೂ ಅಲ್ಲ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು ಅತ್ತೆ. ಸಂಜೆ ಅವರು ತಟ್ಟೆ ತುಂಬ ತಿಂಡಿ ಹಾಕಿಟ್ಟು ಸ್ವಲ್ಪ ಅಡ್ಡಾಗುತ್ತಿದ್ದರು. ಎದ್ದು ಬಂದಾಗ ತಟ್ಟೆಯಲ್ಲಿ ತಿಂಡಿ ಉಳಿದಿದ್ದರೆ ಮಗು ತಿಂದಿಲ್ಲವೆಂದು ಕಳವಳ ಪಡುತ್ತಿದ್ದರು. ಅತ್ತೆ ಕಳವಳಪಟ್ಟರೆ ಇವಳದು ಎರಡರಷ್ಟಾಗುತ್ತಿತ್ತು. ಅದಕ್ಕೇ ಉಳಿದದ್ದನ್ನು ತಾನೇ ಮುಗಿಸಿ ತಟ್ಟೆ ಖಾಲಿ ಮಾಡುವುದು ರೂಢಿಯಾಗಿಬಿಟ್ಟಿತ್ತು. ಖಾಲಿ ತಟ್ಟೆ ನೋಡಿ ಅತ್ತೆ ಹಿಗ್ಗಿ, "ನಮ್ಮ ಚಿನ್ನಿ ಚೆನ್ನಾಗಿ ತಿಂತಾಳೆ" ಎಂದು ಮರುದಿನ ಇನ್ನಿಷ್ಟು ಹೆಚ್ಚಿಗೆ ಹಾಕುತ್ತಿದ್ದರು. ಅಲ್ಲಿ ಮಾಸ್ಟರ್ ಬೆರಳು ಬೆರಳಾಗಿ ಕೋಟು ಸಡಿಲಿಸುತ್ತಿದ್ದರು. ಇಲ್ಲಿ ಅತ್ತೆ ಚಮಚ ಚಮಚವಾಗಿ ತಟ್ಟೆ ತುಂಬುತ್ತಿದ್ದರು.

ನಾಳೆಯಿಂದ ಬಾಯಿಗೆ ಬೀಗ ಎಂದುಕೊಂಡಳು. ಆದರೆ ಚಿನ್ನಿಗೆ ಇದು ಗೊತ್ತಾಗಬೇಕಲ್ಲ? ಆ ಮಗುವಿನ ಲೆಕ್ಕದಲ್ಲಿ ಬಿಸ್ಕತ್ತು ಎಂದರೆ ಅರ್ಧ ತನಗೆ, ಅರ್ಧ ಅಮ್ಮನಿಗೆ. ಮರುದಿನ ಸಂಜೆ ಎಂದಿನಂತೆ ಎರಡು ಸಲ ಕಚ್ಚಿ, ಜೊಲ್ಲು ಮೆತ್ತಿದ ಉಳಿದರ್ಧವನ್ನು ಅಮ್ಮನ ಬಾಯಿಗೆ ಒತ್ತಿತು. ಅವಳು ತುಟಿ ಬಿಗಿಹಿಡಿದಳು. ಮಗು ಇನ್ನೊಮ್ಮೆ ಒತ್ತಿತು. ಬಿಸ್ಕತ್ತು ಮೂಗಿಗೆ, ಗಲ್ಲಕ್ಕೆ, ಕೆನ್ನೆಗೆಲ್ಲ ಮೆತ್ತಿಕೊಂಡಿತು. ಅಮ್ಮನ ಬಾಯಿ ಮುಚ್ಚಿಹೋಗಿದೆ ಎಂದು ಖಾತ್ರಿಯಾದ ಮೇಲೆ ಚಿನ್ನಿ ಸೂರು ಹಾರುವಂತೆ ಅಳತೊಡಗಿತು.

ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಓಡಿ ಬಂದರು. ಅರ್ಧ ತುಂಬಿದ ತಟ್ಟೆ ನೋಡಿದರು. ಸೊಸೆಯ ಮುಖ ತುಂಬ ಬಿಸ್ಕತ್ತಿನ ಹಿಟ್ಟು ನೋಡಿದರು. ಅಷ್ಟರಲ್ಲಿ ಚಿನ್ನಿ ಅಳುತ್ತಲೇ ಬಿಸ್ಕತ್ತನ್ನು ಅಜ್ಜಿಯ ಬಾಯಿಗೆ ಚಾಚಿತು, ನೀನಾದರೂ ತಿನ್ನು ಎಂಬಂತೆ.

"ಏನೇ ಇದು? ದಿನಾ ಹೀಗೇನಾ?"

ಅವಳು ತಲೆ ತಗ್ಗಿಸಿದಳು. ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ನೆಲದ ಮೇಲೆ ಕುಸಿದು ಕೂತು ನಗತೊಡಗಿದರು.

"ಅಲ್ಲ ಕಣೇ, ಇಷ್ಟು ದಿನ ಮೊಮ್ಮಗೂನ ಬೆಳೆಸ್ತಿದ್ದೀನಿ ಅಂದ್ಕೊಂಡಿದ್ದೆ. ಸೊಸೇನ ಬೆಳೆಸಿದ್ನಲ್ಲ!"

"ತಟ್ಟೆ ಉಳಿದ್ರೆ ನೀವು ಬೇಜಾರು ಮಾಡ್ಕೋತೀರಿ ಅಂತ ಅತ್ತೆ..."

"ಉಳಿದ್ರೆ ಕಡಿಮೆ ಹಾಕ್ತಿದ್ದೆ, ಬೆಪ್ಪು. ನನಗೇನು ಗೊತ್ತು ಅವಳ ಹೊಟ್ಟೆ ಎಷ್ಟು ಅಂತ? ತಟ್ಟೆ ತಾನೇ ಹೇಳಬೇಕು?"

ಮರುದಿನದಿಂದ ತಟ್ಟೆಯಲ್ಲಿ ಬಿಸ್ಕತ್ತು ಅರ್ಧಕ್ಕೆ ಮುರಿದೇ ಬರತೊಡಗಿತು. ಚಿನ್ನಿ ತನ್ನದಷ್ಟನ್ನು ಮುಗಿಸಿ, ಅಮ್ಮನಿಗೆ ಕೊಡಲು ಏನೂ ಇಲ್ಲವಲ್ಲ ಎಂದು ತಟ್ಟೆಯನ್ನು ತಲೆಕೆಳಗು ಮಾಡಿ ನೋಡುತ್ತಿತ್ತು. ಆಮೇಲೆ ಖಾಲಿ ಬೆರಳನ್ನೇ ಅಮ್ಮನ ಬಾಯಿಗಿಡುತ್ತಿತ್ತು. ಅವಳು ಅದನ್ನು ಚಪ್ಪರಿಸಿದಂತೆ ಮಾಡುತ್ತಿದ್ದಳು. ಮಗುವಿಗೆ ಅಷ್ಟೇ ಸಾಕಾಗಿತ್ತು.

ಅವಳಿಗೆ ಮಾತ್ರ ಸಾಕಾಗುತ್ತಿರಲಿಲ್ಲ. ಆ ದಿನಗಳಲ್ಲಿ ಊರೇ ತಿನ್ನುವ ಪದಾರ್ಥವಾಗಿ ಕಾಣುತ್ತಿತ್ತು. ಸಂಜೆಯ ಬಿಸಿಲು ಬಿದ್ದ ಇಟ್ಟಿಗೆ ಗೋಡೆ ಈಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡಿನಂತಿತ್ತು. ಮೋಡಗಳ ಅಂಚು ಹಾಲಿನ ಕೆನೆ. ಮನೆಗೆ ಹೋಗುವ ದಾರಿಯ ಬೇಕರಿಯ ಮುಂದೆ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಒಳಗಿನಿಂದ ಬೆಚ್ಚಗಿನ ಬೆಣ್ಣೆಯ ವಾಸನೆ ಬಂದು ಅವಳ ತೋಳು ಹಿಡಿದುಕೊಂಡು, ಹಳೆಯ ಗೆಳತಿಯಂತೆ ತಿರುವಿನ ತನಕ ಜೊತೆಗೆ ನಡೆಯುತ್ತಿತ್ತು. ಆಮೇಲೆ ಅದು ಹಿಂದೆ ಉಳಿಯುತ್ತಿತ್ತು, ಅವಳು ಮುಂದೆ ಹೋಗುತ್ತಿದ್ದಳು. ಕಾರ್ಖಾನೆಯಲ್ಲಿ ಕೈ ಪೊಟ್ಟಣದ ಕಡೆ ಹೊರಟಾಗಲೆಲ್ಲ ಕಾಜಾ ಅಕ್ಕ, "ಬಾಯಿ ಕೇಳಿದ್ರೆ ಗುಂಡಿ ಹಚ್ಚು" ಎನ್ನುತ್ತಿದ್ದಳು. ಅವಳು ದಾರವನ್ನು ಇನ್ನೊಂದು ಸುತ್ತು ಸುತ್ತುತ್ತಿದ್ದಳು. ಆ ಕಾಲದ ಕೋಟುಗಳ ಗುಂಡಿ ಕೀಳಬೇಕಾದರೆ ಮೊದಲು ಬಟ್ಟೆಯೇ ಹರಿಯಬೇಕು.

ಒಂದೆರಡು ಸಲ ಸೋತದ್ದೂ ಉಂಟು. ಚಿನ್ನಿಗೆ ಜ್ವರ ಬಂದ ದಿನ ಬಿಸ್ಕತ್ತಿನ ಡಬ್ಬದ ಮುಂದೆ ನಿಂತವಳು ಡಬ್ಬದ ತಳ ಕಂಡ ಮೇಲೆಯೇ ಎಚ್ಚೆತ್ತಳು. ಅತ್ತೆ ಡಬ್ಬವನ್ನು ಅಟ್ಟದ ಮೇಲಿಟ್ಟರು.

ಚಳಿಗಾಲದ ಬಟ್ಟೆ ಬಂತು. ಹೇಳಿದಂತೆ ಯಜಮಾನ್ತಿಯೂ ಬಂದಳು. ಮಾಸ್ಟರ್ ಕಂದು ಕೋಟನ್ನು ಇಳಿಸಿ ತೊಡಿಸಿದರು. ಅವಳು ಸ್ಟೂಲ್ ಹತ್ತಿ ಉಸಿರು ಬಿಗಿಹಿಡಿದು ನಿಂತಳು. ಮೆಷಿನ್‌ಗಳೆಲ್ಲ ನಿಂತಿದ್ದವು. ಗುಂಡಿ ಕಾಜಾದೊಳಗೆ ಕೂತಿತು.

"ಕೂತ್ಕೊಂಡ್ತಲ್ಲ!" ಎಂದಳು ಕಾಜಾ ಅಕ್ಕ.

ಮಾಸ್ಟರ್ ತಲೆಯಾಡಿಸಿದರು. "ಇದು ಲೆಕ್ಕಕ್ಕಿಲ್ಲ. ಉಸಿರು ಬಿಡಮ್ಮ."

ಬಿಡಲು ಅವಳಿಗೆ ಧೈರ್ಯ ಸಾಲಲಿಲ್ಲ. ಕೆನ್ನೆ ಕೆಂಪೇರಿತು. ಮಾಸ್ಟರ್ ಅವಸರ ಮಾಡದೆ ಮೆಷಿನ್‌ಗಳ ಕಡೆ ಕೈ ಬೀಸಿದರು, ನಡೆಸಿ ಎಂಬಂತೆ. ತಾವು ಕನ್ನಡಕ ತೆಗೆದು ಒರೆಸುತ್ತ ನಿಂತರು. "ಹೊರಗೆ ನೋಡು. ಆ ಬೆಕ್ಕು ಇದೆಯಾ ಇನ್ನೂ?"

ಬೆಕ್ಕು ಇತ್ತು. ಕೆಳಗೆ ಬೀದಿಯಲ್ಲಿ ಗಾಳಿ ಎದ್ದಿತ್ತು. ಮೂಲೆ ತಿರುಗಿ ಇಬ್ಬರು ಹೆಂಗಸರು ಬರುತ್ತಿದ್ದರು. ಅವರು ತೊಟ್ಟದ್ದು ಇಲ್ಲಿಯದೇ ಕೋಟು, ಆ ಸಡಿಲ ಕಾಲದ್ದು. ಗಾಳಿ ತೋಳುಗಳೊಳಗೆ ಹೊಕ್ಕು, ಬೆನ್ನು ಉಬ್ಬಿಸಿ, ಅಂಚನ್ನು ಮೇಲೆತ್ತಿತು. ಒಂದು ಕ್ಷಣ ಅವರ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ತಿಳಿಯದಾಯಿತು. ಆ ಕೋಟುಗಳೊಳಗೆ ಚಿನ್ನಿ ಬಿಟ್ಟ ಬಿಸ್ಕತ್ತುಗಳೆಲ್ಲ ಇದ್ದವು, ಆರಿದ ಹಾಲು, ಕೆಮ್ಮಿನ ಸಂಜೆಗಳು, ತನ್ನ ಅಷ್ಟೂ ದಿಗಿಲು. ಎಲ್ಲವನ್ನೂ ಹೊತ್ತುಕೊಂಡು ಅವರು ಅಷ್ಟು ಹಗುರಾಗಿ ತಾರಸಿಗಳ ಎತ್ತರಕ್ಕೆ, ಹಾಯಿಗಳ ನಡುವೆ...

ಸೊಂಟದ ಹತ್ತಿರ ಏನೋ ತಣ್ಣಗೆ ತಾಗಿತು. ಅವಳು ಬೆಚ್ಚಿ ಕೆಳಗೆ ನೋಡಿದಳು. ಯಾವಾಗಲೋ ಉಸಿರು ಬಿಟ್ಟಾಗಿತ್ತು. ಗುಂಡಿ ಹಾಗೇ ಇತ್ತು. ಮಾಸ್ಟರ್ ಕೋಟಿನ ಒಳಗೆ ಬೆರಳು ತೂರಿಸಿ ನೋಡುತ್ತಿದ್ದರು.

"ಕಿರುಬೆರಳು ಹೋಗುತ್ತೆ," ಎಂದರು. "ಹೆಬ್ಬೆರಳು ಹೋಗಬೇಕಿತ್ತು."

"ಹಾಗಾದ್ರೆ?" ಎಂದಳು ಯಜಮಾನ್ತಿ.

"ಹಾಗಾದ್ರೆ ಇವತ್ತು ಕಾಲರ್ ಮಾಡ್ತೀನಿ, ತೋಳು ಮಾಡ್ತೀನಿ. ಅದಕ್ಕೆ ಸೊಂಟ ಯಾಕೆ? ಸೊಂಟ ಕೊನೆಗೆ ಕತ್ತರಿಸಿದ್ರಾಯ್ತು."

ಯಜಮಾನ್ತಿ ಒಮ್ಮೆ ಅವರನ್ನು, ಒಮ್ಮೆ ಇವಳನ್ನು ನೋಡಿದಳು. ಆಮೇಲೆ ಕಾಜಾ ಅಕ್ಕನ ಪಕ್ಕದಲ್ಲಿದ್ದ ಕಡಲೆಬೀಜದ ಪೊಟ್ಟಣವನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. "ಇದು ಇಲ್ಲಿರೋದು ಬೇಡ," ಎಂದು ಮೆಟ್ಟಿಲಿಳಿದಳು. ಅರ್ಧ ಇಳಿಯುವಷ್ಟರಲ್ಲೇ ಅಗಿಯುವ ಸದ್ದು ಮೇಲಕ್ಕೆ ಕೇಳಿಸಿತು.

"ಕೈ ಸ್ವಲ್ಪ ಎತ್ತಮ್ಮ," ಎಂದರು ಮಾಸ್ಟರ್.

ಅವಳು ಎತ್ತಿದಳು. ಬೀದಿಯ ಹೆಂಗಸರು ಆಗಲೇ ದೂರ ಹೋಗಿದ್ದರು. ಬೆಕ್ಕು ಎದ್ದು ಮೈ ಮುರಿದು, ದಾರಿ ತೋರಿಸಲು ಹೊರಟಿತು.