ಕಾಫಿ ಸುಬ್ಬರಾಯಪ್ಪ
ಹಿಂದೂಪುರದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕಾಫಿ ಬೆರೆಸುತ್ತಿದ್ದ ಸುಬ್ಬರಾಯಪ್ಪನಿಗೆ ಯಾರೂ ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿರಲಿಲ್ಲ. ಗಿರಾಕಿಯ ಮುಖ ಕಂಡರೆ ಸಾಕು, ಕೈ ತಾನಾಗಿ ಓಡುತ್ತಿತ್ತು. ಕೋರ್ಟಿನ ಗುಮಾಸ್ತರಿಗೆ ಸಕ್ಕರೆಯಿಲ್ಲದ ಸ್ಟ್ರಾಂಗು, ಪರಿಗಿಯಿಂದ ಸಂತೆಗೆ ಬಂದವರಿಗೆ ಬೆಲ್ಲದ ಕಾಫಿ, ಜೋಡಿಯಾಗಿ ಬರುವ ಮಗ್ಗದ ಕೆಲಸದವರಿಗೆ ಒಂದನ್ನೇ ಎರಡು ಮಾಡಿದ ಬೈಟು. ನನಗೆ ಬರೀ ಹಾಲು ಸುರಿದು, "ಮೇಷ್ಟ್ರಿಗೆ ಡಿಕಾಕ್ಷನ್ ನೆಳ್ಳು ಬಿದ್ರೆ ಸಾಕು ಕಣಪ್ಪ" ಎನ್ನುತ್ತಿದ್ದ. ಕಲ್ಯಾಣದುರ್ಗದ ಬಸ್ಸಿನ ಹಾರನ್ ಕೇಳಿಯೇ ಅದರಲ್ಲಿ ಎಷ್ಟು ಸ್ಟ್ರಾಂಗು, ಎಷ್ಟು ಲೈಟು ಬಂದಿವೆಯೆಂದು ಹೇಳಬಲ್ಲ ಎಂದು ನಾವು ನಗುತ್ತಿದ್ದೆವು. ಐವತ್ತೆಂಟರ ಬೇಸಗೆಯಲ್ಲಿ ಅವನ ಹೆಂಡತಿ ಬನಶಂಕರಮ್ಮ ಆಸ್ಪತ್ರೆ ಸೇರಿದಳು. ನಾನು ನೋಡಲು ಹೋದ ದಿನ ಅವಳು ಗಂಡನಿಗೆ, "ನಿಮ್ ಕೈಯಾರ ಮಾಡಿದ್ ಕಾಫಿ ಒಂದ್ ಗುಟುಕು ತಂದ್ಕೊಡ್ರಿ" ಎಂದಳು. ಎದ್ದು ಬಾಗಿಲವರೆಗೆ ಹೋದವನು ಅಲ್ಲೇ ನಿಂತು, ನನ್ನನ್ನು ಸನ್ನೆ ಮಾಡಿ ಕರೆದ. "ಮೇಷ್ಟ್ರೇ, ಇವ್ಳು ಹೆಂಗೆ ಕುಡೀತಾಳೋ ನಂಗೆ ಗೊತ್ತಿಲ್ಲ. ಕೋಳಿ ಕೂಗೋ ಮುಂಚೆ ಹೋಟ್ಲಿಗೆ ಬಂದ್ಬುಡ್ತೀನಿ. ಇಪ್ಪತ್ತೊರ್ಷದಾಗೆ ಒಂದಿನಾನೂ ಜತೇಲಿ ಕುಡ್ದಿಲ್ಲ. ಈಗ ಕೇಳೋಕೆ ನಾಚ್ಕೆ ಆಯ್ತದೆ" ಎಂದು ಪಿಸುಗುಟ್ಟಿದ. ಹೋಟೆಲಿಗೆ ಓಡಿ, ಸ್ಟ್ರಾಂಗು, ಲೈಟು, ಬೆಲ್ಲದ್ದು, ಹಾಲು ಹೆಚ್ಚಿನದು ಎಂದು ನಾಲ್ಕು ಲೋಟ ತಂದ. ಬನಶಂಕರಮ್ಮ ನಾಲ್ಕರಲ್ಲೂ ತುಟಿಯಿಟ್ಟು, "ಎಲ್ಲಾ ಚೆನ್ನಾಗವೆ ಕಣ್ರೀ" ಎಂದು ದಿಂಬಿಗೊರಗಿದಳು. ಅವಳು ಕುಡಿದ ಕೊನೆಯ ಕಾಫಿ ಅದೇ. ಸುಬ್ಬರಾಯಪ್ಪ ಲೋಟಗಳನ್ನು ಕಿಟಕಿಯ ಬೆಳಕಿಗೊಯ್ದು, ಯಾವುದರಲ್ಲಿ ಹೆಚ್ಚು ಕುಡಿದಿದ್ದಾಳೆಂದು ಒಂದೊಂದನ್ನೇ ಬಗ್ಗಿ ನೋಡಿದ. ನಾಲ್ಕರಲ್ಲೂ ಒಂದೇ ಅಳತೆ ಇಳಿದಿತ್ತು.