ದುಗ್ಧರಸಕ್ಕೊಂದು ಹಗುರ ಕೈ

ಮೂಡಲಗಿಯ ಹೈಸ್ಕೂಲಿನಲ್ಲಿ ಇಪ್ಪತ್ತಮೂರು ವರ್ಷ ವಿಜ್ಞಾನ ಕಲಿಸಿದ ನಾನು ದುಗ್ಧರಸಕ್ಕೆ, ಲಿಂಫ್ ಎನ್ನುತ್ತಾರಲ್ಲ ಅದಕ್ಕೆ, ಮಾಡಿದ ಅನ್ಯಾಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೃದಯಕ್ಕೆ ನಾಲ್ಕು ಬಣ್ಣದ ಚಿತ್ರ, ರಕ್ತಕ್ಕೆ ಎರಡು ಪಿರಿಯಡ್ಡು, ದುಗ್ಧರಸಕ್ಕೆ ಮಾತ್ರ ಒಂದೇ ಸಾಲು: "ಇದೂ ಮೈಯಾಗ ಹರೀತೈತಿ, ಪರೀಕ್ಷಾಕ್ಕ ಬರೂದಿಲ್ಲ, ಮುಂದಿನ ಪಾಠ ತಗೀರಿ." ಅದು ಎಲ್ಲೋ ನಿಂತು ಕೇಳಿಸಿಕೊಂಡಿರಬೇಕು. ಒಂದು ದಿನ ನೇರವಾಗಿ ನಮ್ಮ ಮನೆಗೇ ಬಂತು.

ನನ್ನ ಹೆಂಡತಿ ಗಿರಿಜಾಳಿಗೆ ಎದೆಯ ಕ್ಯಾನ್ಸರಿನ ಆಪರೇಶನ್ ಆಗಿತ್ತು. ಗಂಟಿನ ಜೊತೆ ಬಗಲಿನ ದುಗ್ಧಗ್ರಂಥಿಗಳನ್ನೂ ತೆಗೆದಿದ್ದರು. ಔಷಧಿ, ನಮ್ಮವರು ಕರೆಂಟು ಎನ್ನುವ ರೇಡಿಯೇಶನ್ ಎಲ್ಲ ಮುಗಿದು, ತಲೆಯ ಮೇಲೆ ಕೂದಲು ಚಿಗುರಿ, ಇನ್ನು ನಾನು ಯಾವುದರ ಚಿಂತೆ ಮಾಡಲಿ ಎಂದು ತಡಕಾಡುತ್ತಿದ್ದ ಹೊತ್ತಿಗೆ ಅವಳ ಬಲಗೈ ಬಾತುಕೊಳ್ಳತೊಡಗಿತು. ಕುಪ್ಪಸದ ತೋಳು ಹೊಲಿಗೆ ಬಿಟ್ಟಿತು. ರೊಟ್ಟಿ ಬಡಿಯಲು ಕುಳಿತವಳು ಎರಡನೆಯದಕ್ಕೇ ಎದ್ದಳು. ಬಾಗಿಲಿಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಸಂಕೇಶ್ವರದವರೆಗೆ ಹೋಗಿ ತಿರುಗಿ ಬಂದ ಮನುಷ್ಯ ನಾನು; ಆ ಊತಕ್ಕೆ ನನ್ನ ಮನಸ್ಸು ಕೊಟ್ಟದ್ದು ಒಂದೇ ಅರ್ಥ: ರೋಗ ಮರಳಿದೆ. ಇಬ್ಬರೂ ಕೈಯ ಬಗ್ಗೆ ಮಾತಾಡುತ್ತ ರೋಗದ ಬಗ್ಗೆಯೇ ಯೋಚಿಸುತ್ತಿದ್ದೆವು.

ಡಾಕ್ಟರು ಎಲ್ಲ ತಪಾಸಣೆ ಮಾಡಿ, ರೋಗ ಮರಳಿಲ್ಲ, ಗ್ರಂಥಿ ಇಲ್ಲದ್ದರಿಂದ ಕೈಯಲ್ಲಿ ನೀರು ನಿಂತಿದೆ, ಗೋಕಾಕದ ಫಿಜಿಯೋಥೆರಪಿ ಮೇಡಂ ಒಂದು ಬಗೆಯ ಮಾಲೀಶು ಕಲಿಸುತ್ತಾರೆ, ಹೋಗಿ ಎಂದರು. ಇಷ್ಟು ಮಾತಿನಲ್ಲಿ ನನ್ನ ಕಿವಿ ಹಿಡಿದುಕೊಂಡದ್ದು ಮಾಲೀಶು ಒಂದನ್ನೇ. ಗೋಕಾಕಕ್ಕೆ ಹೋಗಲು ಇನ್ನೂ ನಾಲ್ಕು ದಿನವಿತ್ತು. ಅಷ್ಟರಲ್ಲಿ ಬೆಲ್ಲದ ಬಾಗೇವಾಡಿಯಿಂದ ಗಿರಿಜಾಳ ಮಲ್ಲಪ್ಪ ಕಾಕಾ ಮಾತಾಡಿಸಲು ಬಂದರು. ಈಗ ಕಬ್ಬು ಬೆಳೆಯುತ್ತಾರೆ, ಹರೆಯದಲ್ಲಿ ಕುಸ್ತಿ ಹಿಡಿದವರು. ನಮ್ಮ ಕಡೆ ಮಾಲೀಶು ಎಂದರೆ ಗರಡಿಮನೆಯದೇ. ಉಜ್ಜಿಸಿಕೊಂಡವನು ಅಯ್ಯೋ ಎನ್ನದಿದ್ದರೆ ಉಜ್ಜಿದವನಿಗೆ ಅವಮಾನ.

"ನೀರು ನಿಂತೈತಿ ಅಂದ್ರ ಒತ್ತಿ ತಗೀಬೇಕ್ರಿ ಮಾಸ್ತರ," ಎಂದರು ಕಾಕಾ. "ಹಿಂಡದ ಹಸಿ ಅರಬಿ ಒಣಗತೈತೇನು?"

ಎಷ್ಟು ವೈಜ್ಞಾನಿಕವಾದ ಮಾತು! ಕೊಬ್ಬರಿ ಎಣ್ಣೆ ಹಚ್ಚಿ ಮೂರು ದಿನ ಒತ್ತಿದೆ. ಗಿರಿಜಾ ಹಲ್ಲು ಕಚ್ಚಿಕೊಂಡು ಕುಳಿತಳು. ನಾಲ್ಕನೆಯ ದಿನ ಕೈ ಕೆಂಪಾಗಿ, ಮೊದಲಿಗಿಂತ ದಪ್ಪವಾಗಿತ್ತು.

ಗೋಕಾಕದ ಮೇಡಂ ನನ್ನ ವಿದ್ಯಾರ್ಥಿನಿಯರ ವಯಸ್ಸಿನವರು. ಕೈ ನೋಡಿ ನನ್ನ ಮುಖ ನೋಡಿದರು.

"ಸರ್, ಇವರ ಜೋಡಿ ಕುಸ್ತಿ ಹಿಡದಿದ್ರೇನ್ರಿ?"

ಸೋಂಕಿಲ್ಲವೆಂದು ಖಾತ್ರಿ ಮಾಡಿಕೊಂಡರು. ಇನ್ನು ಮುಂದೆ ಕೆಂಪಾದರೆ, ಜ್ವರ ಬಂದರೆ ಸೀದಾ ಡಾಕ್ಟರ ಬಳಿ ಓಡಬೇಕೆಂದು ಗದರಿಸಿದರು. ಆಮೇಲೆ ಪಾಠ. ದುಗ್ಧರಸದ ಸಣ್ಣ ನಾಳಗಳು ಚರ್ಮದ ಕೆಳಗೇ ಇರುತ್ತವಂತೆ, ಒತ್ತಿದರೆ ಮುಚ್ಚಿಕೊಳ್ಳುತ್ತವೆ. ಎಣ್ಣೆ ಬೇಡ, ಜೋರು ಬೇಡ, ಹಾಲಿನ ಕೆನೆ ಸರಿಸಿದಷ್ಟು ಮೆಲ್ಲಗೆ ಚರ್ಮವನ್ನು ಸರಿಸಿ ಬಿಡಬೇಕು. ರಕ್ತಕ್ಕಾದರೆ ಹೃದಯವೆಂಬ ಪಂಪಿದೆ. ದುಗ್ಧರಸಕ್ಕೆ ಅಂಥ ದೊಡ್ಡವರ ಬೆಂಬಲವಿಲ್ಲ. ನಾವು ಉಸಿರಾಡಿದಾಗ, ಕೈಕಾಲು ಆಡಿಸಿದಾಗ, ಅದೇ ನೆಪದಲ್ಲಿ ಮುಂದೆ ಸಾಗುವ ಬಡಪಾಯಿ ಅದು. ಇಷ್ಟೆಲ್ಲ ಹೇಳಿ, ಕೊರಳಿನಿಂದ ಶುರುಮಾಡಿ, ಮುಂಗೈ ಕಟ್ಟಕಡೆಗೆ, ಸರಿಸುವುದು ಮಾತ್ರ ಪ್ರತಿ ಸಲ ಮೇಲಕ್ಕೇ ಎಂದರು. ಬಾತದ್ದು ಕೈ, ಶುರು ಕೊರಳಿನಿಂದ! ಹುಡುಗಿ ಪಾಠ ಉಲ್ಟಾ ಕಲಿತಿದ್ದಾಳೆಂದುಕೊಂಡೆ.

ಮನೆಗೆ ಬಂದ ಮೇಲೆ ಗಿರಿಜಾ ಕೈ ಕೊಡಲಿಲ್ಲ. "ಮೊದಲ ಕಾಳ್ಯಾನ ಮ್ಯಾಲ ಕಲೀರಿ. ಅಂವ ಪಾಸ್ ಮಾಡಿದ್ರ ಬರ್ರಿ."

ಕಾಳ್ಯಾ ನಮ್ಮ ನಾಯಿ. ಮೋಟಾರ್‌ಸೈಕಲ್ ತಾಗಿ ಅವನ ಹಿಂಗಾಲಿಗೆ ಗಾಯವಾಗಿತ್ತು. ಗಾಯ ಮಾಯ್ದರೂ ಬಾವು ಉಳಿದಿತ್ತು. ಎಲುಬು ಸರಿಯಿದೆ, ದಿನಾ ನಡೆಸಿ, ಕೆಳಗಿನಿಂದ ಮೇಲಕ್ಕೆ ಹಗುರಾಗಿ ಕೈಯಾಡಿಸಿ ಎಂದು ದನದ ಡಾಕ್ಟರೂ ಹೇಳಿದ್ದರು. ಹೀಗೆ ಬೆಳಗಿನ ಬಿಸಿಲಲ್ಲಿ ನನ್ನ ಪರೀಕ್ಷೆ ಶುರುವಾಯಿತು. ಕೈ ಭಾರವಾದರೆ ಕಾಳ್ಯಾ ತಿರುಗಿ ನನ್ನ ಮಣಿಕಟ್ಟಿನ ಮೇಲೆ ಹಲ್ಲಿಡುತ್ತಿದ್ದ. ಕಚ್ಚುತ್ತಿರಲಿಲ್ಲ, ಕೆಂಪು ಶಾಯಿಯಲ್ಲಿ ಗೆರೆ ಎಳೆದಂತೆ ಇಡುತ್ತಿದ್ದ ಅಷ್ಟೇ. ಹಗುರಾದರೆ ಕಣ್ಣು ಮುಚ್ಚುತ್ತಿದ್ದ. ನಡುವೆ ನನ್ನ ಮನಸ್ಸು ಗಿರಿಜಾಳ ಮುಂದಿನ ತಪಾಸಣೆಯತ್ತ ಜಾರಿದರೆ ಸಾಕು, ನನಗಿಂತ ಮೊದಲು ಅವನಿಗೆ ಗೊತ್ತಾಗಿ ಹಲ್ಲು ಬರುತ್ತಿತ್ತು. ಚಿಂತೆಗೆ ತೂಕವಿದೆ, ಅದು ಬೆರಳ ತುದಿಯಲ್ಲಿ ಇಳಿಯುತ್ತದೆ ಎಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಮೂರು ವಾರದಲ್ಲಿ ಅವನ ಕಾಲು ಸಣ್ಣಗಾಯಿತು, ನಾನು ಪಾಸಾದೆ.

ಕೊರಳಿನ ಒಗಟು ಮಾತ್ರ ಉಳಿದಿತ್ತು. ಅದನ್ನು ಬಿಡಿಸಿದವರು ಅದೇ ಮಲ್ಲಪ್ಪ ಕಾಕಾ. ತಮ್ಮ ಸಲಹೆಯಿಂದ ಆದದ್ದನ್ನು ಕೇಳಿ ಅವರಿಗೆ ಮುಜುಗರವಾಗಿ, ಒಂದು ಪೆಂಟಿ ಬೆಲ್ಲ ಹಿಡಿದುಕೊಂಡು ಬಂದಿದ್ದರು. ಮೇಡಂ ಹೇಳಿದ್ದನ್ನು ಕೇಳಿದ್ದೇ ಹಣೆ ಬಡಿದುಕೊಂಡರು.

"ಆ ಹುಡಿಗಿ ಖರೇನ ಹೇಳ್ಯಾಳ್ರಿ ಮಾಸ್ತರ! ನೀರು ನಿಂತು ಜವಳ ಹಿಡದ ಹೊಲದಾಗಿನ ನೀರು ತಗ್ಯಾಕ ನಾವು ಬಸಿಗಾಲಿವಿ ಎಲ್ಲಿಂದ ತೋಡತೇವಿ? ಹಳ್ಳದ ಕಡಿಂದ. ಮುಂದ ದಾರಿ ಇಲ್ದ ಹಿಂದಿನ ನೀರು ಎತ್ತಾಗ ಹೋಗಬೇಕು? ಇಷ್ಟ ತಿಳೀಲಿಲ್ಲಲ್ಲ ನನಗ!"

ಅವರಿಗೆ ತಿಳಿಯದ್ದು ಮೂರು ದಿನ; ನನಗೆ ತಿಳಿಯದ್ದು ಇಪ್ಪತ್ತಮೂರು ವರ್ಷ.

ಅಂದಿನಿಂದ ದಿನಾ ಸಂಜೆ ಚಹಾ ಆದ ಮೇಲೆ ಗಿರಿಜಾ ಕೈ ಚಾಚುತ್ತಾಳೆ. ಕೊರಳು, ಭುಜ, ತೋಳು, ಕಡೆಗೆ ಬೆರಳು. ಆಮೇಲೆ ಮೇಡಂ ಕೊಟ್ಟ ಬಿಗಿಪಟ್ಟಿ ಸುತ್ತುತ್ತೇನೆ. ಎರಡು ವಾರಕ್ಕೊಮ್ಮೆ ಮೇಡಂ ಟೇಪು ಹಿಡಿದು ಅಳೆಯುವಾಗ ಗಿರಿಜಾ ಟೇಪು ನೋಡುತ್ತಾಳೆ, ನಾನು ಮೇಡಂ ಅವರ ಹುಬ್ಬು ನೋಡುತ್ತೇನೆ. ಕೈ ಇಳಿಯಿತು. ಮೊನ್ನೆ ಆರು ರೊಟ್ಟಿ ಬಡಿದಳು. ಆ ಮೇಡಂಗೆ, ಕಾಕಾಗೆ, ಆ ನಾಯಿಗೆ ನಾನು ಯಾವ ಬಾಯಿಂದ ಉಪಕಾರ ಹೇಳಲಿ?

ಹೋದ ವಾರ ಗೋಕಾಕದಲ್ಲಿ ಕೇಳಿದೆ: "ಇನ್ನ ಎಷ್ಟ ದಿನ ಮಾಡಬೇಕ್ರಿ ಮೇಡಂ?"

ಅವರ ಮುಖ ಸಣ್ಣದಾಯಿತು. "ದಿನದ ಲೆಕ್ಕ ಬ್ಯಾಡ್ರಿ ಸರ್. ತಗದ ಗ್ರಂಥಿ ತಿರುಗಿ ಬರೂದಿಲ್ಲ. ಇಪ್ಪತ್ತು ವರ್ಷ, ಮೂವತ್ತು ವರ್ಷ... ಮಾಡಕೋತನ ಇರಬೇಕಾಗತೈತಿ."

ಪಾಪ, ಕೆಟ್ಟ ಸುದ್ದಿ ಹೇಳುವವರಂತೆ ಹೇಳಿದರು. ಆದರೆ ಇಷ್ಟು ದಿನ ಡಾಕ್ಟರುಗಳೆಲ್ಲ ನಮ್ಮೊಡನೆ ಮಾತಾಡಿದ್ದು ಮೂರು ತಿಂಗಳು, ಆರು ತಿಂಗಳಿನ ಭಾಷೆಯಲ್ಲಿ. ಗಿರಿಜಾಳ ಹೆಸರಿನ ಪಕ್ಕ ಮೂವತ್ತು ವರ್ಷ ಎಂಬ ಮಾತನ್ನು ಯಾರೂ ಇಟ್ಟಿರಲಿಲ್ಲ.

"ಮೂವತ್ತು ಅಂದ್ರಲ್ಲ, ಅದನ್ನ ಚೀಟಿಯಾಗ ಬರದ ಕೊಡ್ರಿ," ಎಂದೆ.

ಅವರು ತಬ್ಬಿಬ್ಬಾಗಿ ಬರೆದುಕೊಟ್ಟರು. ಗಿರಿಜಾ ಬಸ್ಸಿನಲ್ಲಿ ಚೀಟಿ ತೆಗೆದು ಎರಡು ಸಲ ಓದಿದಳು.

"ಅಲ್ರೀ, ಮೂವತ್ತೊಂದನೇ ವರ್ಷ ಏನ ಮಾಡೂದು?"

ಮೂಡಲಗಿ ಬರುವವರೆಗೂ ಅದನ್ನೇ ಚಿಂತಿಸಿದೆ. ಇಷ್ಟು ಸುಖದ ಚಿಂತೆ ನನ್ನ ಪಾಲಿಗೆ ಎಂದೂ ಬಂದಿರಲಿಲ್ಲ.